ಸಕಲೇಶಪುರದೊಳಗೆ ನುಗ್ಗಿದ ನೀರು: ಹಳೇ ಮೊಬಿ ಫೈಲಿನಲ್ಲಿ ಕನ್ನಡ ಅಕ್ಷರ ಒಡೆಯುವ ದೋಷ

ದೊಡ್ಡಪ್ಪ ಆಲೂರಿನಿಂದ ಫೋನ್ ಮಾಡಿದರು. "ಲೋ, ನೀನು ಕಳಿಸಿದ ಪುಸ್ತಕ ಚೆನ್ನಾಗಿ ಓಪನ್ ಆಯ್ತು ಕಣೋ. ಆದ್ರೆ ನಾನು ಬರೆದಿದ್ದು ಸಕಲೇಶಪುರ. ಇದ್ರಲ್ಲಿ ಸನೀಲಲೇಶಪುರ ಅಂತಿದೆ. ಇದ್ಯಾವೂರೋ?"

ದೊಡ್ಡಪ್ಪ ರಿಟೈರ್ಡ್ ಮೇಷ್ಟ್ರು. 2010ರ ಸುಮಾರಿಗೆ ತಮ್ಮ ನೆನಪುಗಳನ್ನೆಲ್ಲ ಯುನಿಕೋಡ್‌ನಲ್ಲಿ ತಾವೇ ಟೈಪ್ ಮಾಡಿದ್ದರು. ಮೇಷ್ಟ್ರು ಕೆಲಸ, ಆಲೂಗಡ್ಡೆ ಬೇಸಾಯ, ಮಳೆಗಾಲದ ಸಕಲೇಶಪುರ ಎಲ್ಲ ಅದರಲ್ಲಿದೆ. ಮೊಬಿಪಾಕೆಟ್ ಕ್ರಿಯೇಟರ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿಸಿಕೊಂಡು ಅದನ್ನು ಇ-ಪುಸ್ತಕವಾಗಿಯೂ ಮಾಡಿಟ್ಟುಕೊಂಡರು. ಆಮೇಲೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಉಳಿದದ್ದು ಪೆನ್ ಡ್ರೈವಿನಲ್ಲಿದ್ದ ಒಂದೇ ಒಂದು ಪಿಆರ್‌ಸಿ ಫೈಲ್ (ಮೊಬಿಯ ಇನ್ನೊಂದು ಹೆಸರು). ಈಗ ಅವರಿಗೆ ಟ್ಯಾಬ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಓದಬೇಕು, ಅಂದರೆ ಇಪಬ್ ಅನ್ನೋ ಈಗಿನ ಇ-ಪುಸ್ತಕ ರೂಪ ಬೇಕು.

ಇ-ಪುಸ್ತಕ ಪರಿವರ್ತಿಸುವ ಪುಕ್ಕಟೆ ಸಾಫ್ಟ್‌ವೇರ್ ಕ್ಯಾಲಿಬರ್‌ಗೆ ಹಾಕಿದರೆ ಒಂದು ನಿಮಿಷದ ಕೆಲಸ. ಗೊತ್ತು. ಆದರೆ ಹಾಸನದ ಮಳೆಗಾಲದ ಸಂಜೆಗಳಲ್ಲಿ ಹಳೇ ಇ-ಪುಸ್ತಕ ಫೈಲುಗಳ ಹೊಟ್ಟೆ ಬಗೆದು ನೋಡುವುದು ನನ್ನ ಹವ್ಯಾಸ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ಬರೆದ ಪುಟ್ಟ ಪರಿವರ್ತಕ ಒಂದಿದೆ. ಏಳೆಂಟು ಇಂಗ್ಲಿಷ್ ಪುಸ್ತಕಗಳನ್ನು ಸರಾಗವಾಗಿ ಇಪಬ್ ಮಾಡಿತ್ತು. ಅದೇ ಜಂಬದಲ್ಲಿ ದೊಡ್ಡಪ್ಪನ ಪುಸ್ತಕವನ್ನೂ ಅದರಲ್ಲೇ ಹಾಕಿದೆ.

ನಿಮ್ಮದೂ ಇಂಥದ್ದೇ ಮನೆಯಲ್ಲಿ ಬರೆದ ಪರಿವರ್ತಕವಾಗಿದ್ದರೆ, ಇಂಗ್ಲಿಷ್ ಸರಿ ಬಂದು ಕನ್ನಡ ಮಾತ್ರ ಅಲ್ಲಲ್ಲಿ ಒಡೆಯುತ್ತಿದ್ದರೆ, ಮುಂದೆ ಓದಿ.

ಮೊದಲು ತಪ್ಪು ಯಾರದು ಅಂತ ನೋಡಿ

ಕನ್ನಡ ಸರಿ ಕಾಣುತ್ತಿಲ್ಲ ಅಂದಕೂಡಲೇ ಎಲ್ಲರೂ ಫಾಂಟ್ ಮೇಲೆ ಗೂಬೆ ಕೂರಿಸುತ್ತಾರೆ. ಫಾಂಟ್ ತಪ್ಪಿದ್ದರೆ ಪುಸ್ತಕ ಪೂರ್ತಿ ಹಾಳಾಗಿರುತ್ತದೆ. ಎಲ್ಲ ಕಡೆ ಖಾಲಿ ಡಬ್ಬಿ ಬರುತ್ತದೆ, ಇಲ್ಲವೇ ಒತ್ತಕ್ಷರಗಳೆಲ್ಲ ಬಿಡಿ ಬಿಡಿಯಾಗಿ ನಿಲ್ಲುತ್ತವೆ. ಹತ್ತು ಪುಟ ನೆಟ್ಟಗಿದ್ದು ಹನ್ನೊಂದನೇ ಪುಟದಲ್ಲಿ ಒಂದೇ ಪದ ಕೆಟ್ಟಿದ್ದರೆ ಅದು ಫಾಂಟಿನ ಕೆಲಸ ಅಲ್ಲ.

ಇನ್ನೊಂದು ಸಾಧ್ಯತೆ ಹಳೇ ನುಡಿ ಅಥವಾ ಬರಹ ಸಾಫ್ಟ್‌ವೇರ್ ಕಾಲದ, ಯುನಿಕೋಡ್ ಅಲ್ಲದ ಪಠ್ಯ. ಅದನ್ನು ಗುರುತಿಸುವುದು ಸುಲಭ. 'ಕನ್ನಡ' ಅನ್ನೋ ಪದ ಇರಬೇಕಾದ ಕಡೆ ಇಂಗ್ಲಿಷ್ ಪಿ, ತಲೆ ಮೇಲೆ ಗೆರೆ ಎಳೆದ ಎ, ಪೌಂಡ್ ಚಿಹ್ನೆ, ಹೀಗೆ ಸಾಲಾಗಿ ಕಾಣುತ್ತವೆ. ಅದಕ್ಕೆ ಬೇರೆಯೇ ಮದ್ದು, ಇಲ್ಲಿ ಬೇಡ.

ಮೂರನೆಯದು ಮೂಲ ಫೈಲೇ ಕೆಟ್ಟಿರುವುದು. ಇದಕ್ಕೆ ಕ್ಯಾಲಿಬರ್ ಒಳ್ಳೇ ಸಾಕ್ಷಿ. ಅದೇ ಫೈಲನ್ನು ಕ್ಯಾಲಿಬರ್‌ನಲ್ಲಿ ಪರಿವರ್ತಿಸಿ, ಅದೇ ಸಾಲು ನೋಡಿ. ನಾನು ನೋಡಿದೆ. ಅಲ್ಲಿ ಸಕಲೇಶಪುರ ಸಕಲೇಶಪುರವಾಗಿಯೇ ಇತ್ತು. ಅಲ್ಲಿಗೆ ಫೈಲ್ ನಿರಪರಾಧಿ, ಫಾಂಟ್ ನಿರಪರಾಧಿ. ಕಳ್ಳ ನನ್ನ ಮನೆಯಲ್ಲೇ ಇದ್ದಾನೆ. (ಅಂದಹಾಗೆ ಕ್ಯಾಲಿಬರ್ ಹುಟ್ಟಿದ್ದೂ ಇಂಥ ಹಟದಿಂದಲೇ. ಸೋನಿಯ ಪಿಆರ್‌ಎಸ್-500 ರೀಡರ್ ಲಿನಕ್ಸ್‌ನಲ್ಲಿ ಕೆಲಸ ಮಾಡುವುದಿಲ್ಲ ಅಂತ 2006ರಲ್ಲಿ ಕೋವಿದ್ ಗೋಯಲ್ ಅದನ್ನು ಶುರು ಮಾಡಿದರು.)

ನಾನು ಮೊದಲೇ ಮಾಡಿದ್ದ ತಪ್ಪು

ಬೈಟ್‌ಗಳನ್ನು (ಫೈಲಿನಲ್ಲಿ ಸಾಲಾಗಿರುವ, 0ಯಿಂದ 255ರವರೆಗಿನ ಅಂಕಿಗಳು) ಅಕ್ಷರ ಮಾಡುವಾಗ ಪೈಥಾನ್‌ಗೆ 'ತಪ್ಪಿದ್ದರೆ ಬಿಟ್ಟುಬಿಡು' ಅಂತ ಹೇಳುವ ಒಂದು ಆಯ್ಕೆ ಇದೆ. ನಾನು ಅದನ್ನು ಹಾಕಿದ್ದೆ. ಹೀಗಾಗಿ ಒಡೆದ ಬೈಟ್‌ಗಳು ಸದ್ದಿಲ್ಲದೆ ಮಾಯವಾಗಿದ್ದವು. ದೊಡ್ಡಪ್ಪನಿಗೆ ಕಂಡದ್ದು ನೋಡೋಕೆ ನೆಟ್ಟಗಿರುವ, ಆದರೆ ಅರ್ಥವಿಲ್ಲದ ಪದ. ರೋಗ ಹುಡುಕುವಾಗ ಈ ಆಯ್ಕೆ ಬೇಡವೇ ಬೇಡ. 'ತಪ್ಪಿದ್ದರೆ ಗುರುತು ಹಾಕು' ಅನ್ನುವುದನ್ನು ಇಡಿ. ಇಟ್ಟ ಮೇಲೆ ಅದೇ ಪದ ಹೀಗೆ ಕಂಡಿತು:

ಸ�ನೀಲ�ಲೇಶಪುರ

ಈಗ ಗಾಯ ಎಲ್ಲಿದೆ ಅಂತ ಗೊತ್ತಾಗುತ್ತದೆ ಅಲ್ವಾ? 'ಸ' ಸರಿ, 'ಲೇಶಪುರ' ಸರಿ. ನಡುವೆ 'ಕ' ಇರಬೇಕಾದ ಕಡೆ ಎರಡು ಪ್ರಶ್ನೆ ಚಿಹ್ನೆ, ಅವುಗಳ ಮಧ್ಯೆ ಎಲ್ಲಿಂದಲೋ ಬಂದ 'ನೀಲ'.

ಗಾಯಗಳ ಮಧ್ಯದ ದೂರ ಅಳೆಯಿರಿ

ಇಡೀ ರೋಗದ ಗುಟ್ಟು ಇಲ್ಲಿದೆ. ಒಡೆದ ಜಾಗಗಳು ಎಷ್ಟೆಷ್ಟು ದೂರಕ್ಕೆ ಬರುತ್ತಿವೆ? ನಾನು ಮೊದಲು ಅಕ್ಷರಗಳಲ್ಲಿ ಎಣಿಸಿದೆ. ಒಮ್ಮೆ 1,400 ಚಿಲ್ಲರೆ, ಒಮ್ಮೆ 1,500ರ ಹತ್ತಿರ, ಇನ್ನೊಮ್ಮೆ 2,900. ತಲೆಬುಡ ತಿಳಿಯಲಿಲ್ಲ. ಆಮೇಲೆ ಬೈಟ್‌ಗಳಲ್ಲಿ ಎಣಿಸಿದೆ. ಬಿಚ್ಚಿದ ಪಠ್ಯವನ್ನು ಅಕ್ಷರ ಮಾಡದೆ ಹಾಗೇ ಉಳಿಸಿಕೊಂಡು, ಯುಟಿಎಫ್-8 (ಯುನಿಕೋಡ್ ಅಕ್ಷರವನ್ನು ಬೈಟ್ ಮಾಡಿ ಇಡುವ ಪದ್ಧತಿ) ಎಲ್ಲೆಲ್ಲಿ ತಪ್ಪುತ್ತದೆ ಅಂತ ಪಟ್ಟಿ ಮಾಡಿದೆ. ಈ ಸಲ ದೂರಗಳೆಲ್ಲ 4,100ರ ಆಸುಪಾಸು, ಇಲ್ಲವೇ ಅದರ ಎರಡು ಪಟ್ಟು.

4,100 ಅಂದ ತಕ್ಷಣ 4096 ನೆನಪಾಗಬೇಕು. ಮೊಬಿ ಗೊತ್ತಿದ್ದವರಿಗೆ ಈ ಸಂಖ್ಯೆ ಮನೆ ದೇವರಿದ್ದ ಹಾಗೆ.

ಸ್ವಲ್ಪ ಹಿನ್ನೆಲೆ ಬೇಕು. ಮೊಬಿಪಾಕೆಟ್ 2000ದಲ್ಲಿ ಫ್ರಾನ್ಸಿನಲ್ಲಿ ಶುರುವಾದ ಕಂಪನಿ. 2005ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು. 2007ರಲ್ಲಿ ಬಂದ ಕಿಂಡಲ್‌ನ ಫೈಲುಗಳಿಗೂ ಇದೇ ಅಡಿಪಾಯ. ಆದರೆ ಮೊಬಿಯ ಬೇರು ಇನ್ನೂ ಹಿಂದಿನ ಪಾಮ್ ಪೈಲಟ್‌ನಲ್ಲಿದೆ. ಅಂಗೈಯಗಲದ ಆ ಯಂತ್ರಕ್ಕೆ ಮೆಮೊರಿ ತೀರಾ ಕಡಿಮೆ. ಅದಕ್ಕೇ ಪುಸ್ತಕವನ್ನು 4096 ಬೈಟ್‌ಗಳ ತುಂಡು ಮಾಡಿ, ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ಒತ್ತಿ (ಕಂಪ್ರೆಸ್ ಮಾಡಿ) ಇಡುತ್ತಿದ್ದರು. ಒಂದೊಂದು ತುಂಡಿಗೆ ರೆಕಾರ್ಡ್ ಅಂತ ಹೆಸರು. ಓದುವವನು ಯಾವ ಪುಟಕ್ಕೆ ಹಾರಿದರೂ ಅದೊಂದು ತುಂಡು ಬಿಚ್ಚಿದರೆ ಸಾಕು.

ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್. ಎಲ್ಲಿ ಕತ್ತರಿಸಿದರೂ ಅಕ್ಷರ ಒಡೆಯುವುದಿಲ್ಲ. ಕನ್ನಡದಲ್ಲಿ ಯುಟಿಎಫ್-8 ಪ್ರಕಾರ ಒಂದು ಚಿಹ್ನೆಗೆ ಮೂರು ಬೈಟ್. 'ಕ' ಅಂದರೆ 224, 178, 149. 'ಕ್ಷೆ' ಬರೆಯಲು ಕ, ಅರ್ಧಾಕ್ಷರದ ಗುರುತು, ಷ, ಎತ್ವ ಸೇರಿ ನಾಲ್ಕು ಚಿಹ್ನೆ, ಹನ್ನೆರಡು ಬೈಟ್. 4096 ಮೂರರಿಂದ ಭಾಗ ಆಗುವುದಿಲ್ಲ, ಒಂದು ಉಳಿಯುತ್ತದೆ. ಜೊತೆಗೆ ಖಾಲಿ ಜಾಗ, ಪೂರ್ಣವಿರಾಮ, ಟ್ಯಾಗ್‌ಗಳು ಒಂದೊಂದೇ ಬೈಟ್. ಹಾಗಾಗಿ ಕತ್ತರಿ ಎಲ್ಲಿ ಬೇಕಾದರೂ ಬೀಳಬಹುದು. ನಮ್ಮ ದೊಡ್ಡಪ್ಪನ ಪುಸ್ತಕದಲ್ಲಿ 212 ರೆಕಾರ್ಡ್, ಅಂದರೆ 211 ಗಡಿ. 128 ಗಡಿಗಳಲ್ಲಿ ಅಕ್ಷರದ ಮೇಲೇ ಕತ್ತರಿ ಬಿದ್ದಿತ್ತು.

ಹೆಡರ್ ಏನು ಹೇಳುತ್ತದೆ

ಫೈಲನ್ನು ಯಾವುದಾದರೂ ಹೆಕ್ಸ್ ಎಡಿಟರ್‌ನಲ್ಲಿ (ಬೈಟ್‌ಗಳನ್ನು ಹಾಗೇ ತೋರಿಸುವ ಸಾಫ್ಟ್‌ವೇರ್) ತೆರೆಯಿರಿ. ಸೊನ್ನೆಯಿಂದ ಎಣಿಸಿದರೆ 60ನೇ ಬೈಟಿನಲ್ಲಿ ಬುಕ್‌ಮೊಬಿ ಅಂತ ಎಂಟು ದೊಡ್ಡಕ್ಷರ ಕಾಣಬೇಕು. 76ರಲ್ಲಿ ಎರಡು ಬೈಟ್, ಒಟ್ಟು ಎಷ್ಟು ರೆಕಾರ್ಡ್ ಅಂತ. 78ರಿಂದ ರೆಕಾರ್ಡ್‌ಗಳ ವಿಳಾಸ ಪಟ್ಟಿ, ಒಂದೊಂದಕ್ಕೆ ಎಂಟು ಬೈಟ್. ಅದರಲ್ಲಿ ಮೊದಲ ನಾಲ್ಕು ಬೈಟ್ ವಿಳಾಸ. ಪಟ್ಟಿಯ ಮೊದಲ ವಿಳಾಸಕ್ಕೆ ಹೋದರೆ ಸೊನ್ನೆಯ ರೆಕಾರ್ಡ್ ಸಿಗುತ್ತದೆ. ಪುಸ್ತಕದ ಜಾತಕ, ಅಂದರೆ ಹೆಡರ್, ಅಲ್ಲಿದೆ.

ಆ ರೆಕಾರ್ಡ್‌ನ ಶುರುವಿನಿಂದ ಎಣಿಸಿ. ಮೊದಲ ಎರಡು ಬೈಟ್ ಒತ್ತುವ ವಿಧಾನ: 1 ಇದ್ದರೆ ಒತ್ತಿಲ್ಲ, 2 ಇದ್ದರೆ ಪಾಮ್‌ಡಾಕ್, 17480 ಇದ್ದರೆ ಹಫ್‌ಮನ್ ನಿಘಂಟಿನ ವಿಧಾನ. ನಾನು ಇಲ್ಲಿ ಹೇಳುತ್ತಿರುವುದು 2 ಇರುವ ಫೈಲಿನ ಕತೆ. 12ನೇ ಬೈಟಿನಲ್ಲಿ ಬೀಗ ಇದೆಯೋ ಇಲ್ಲವೋ ಅಂತ ಇರುತ್ತದೆ. ಅಲ್ಲಿ ಸೊನ್ನೆ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಕೊಂಡ ಪುಸ್ತಕಕ್ಕೆ ಹಾಕಿದ ಬೀಗ ಅದು. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿಯುವುದನ್ನು ಅಪರಾಧ ಅನ್ನುತ್ತದೆ. ಅದು ಬೇರೆ, ನನಗೆ ಅದರಲ್ಲಿ ಮಜವೂ ಇಲ್ಲ. ಸ್ವಂತದವರು ಬರೆದ, ಬೀಗವಿಲ್ಲದ ಹಳೇ ಫೈಲುಗಳಲ್ಲೇ ಬೇಕಾದಷ್ಟು ಕೆಲಸ ಇದೆ.

28ನೇ ಬೈಟಿನಲ್ಲಿ ಲಿಪಿಯ ಸಂಕೇತ: 65001 ಇದ್ದರೆ ಯುಟಿಎಫ್-8, 1252 ಇದ್ದರೆ ಹಳೇ ವಿಂಡೋಸ್ ಲ್ಯಾಟಿನ್. ದೊಡ್ಡಪ್ಪನದು 65001.

ಇಷ್ಟನ್ನೂ ನನ್ನ ಪರಿವರ್ತಕ ಓದುತ್ತಿತ್ತು. ಓದದೇ ಬಿಟ್ಟಿದ್ದು 242ನೇ ಬೈಟನ್ನು. ಮೊಬಿ ಹೆಡರಿನ ಉದ್ದ 228 ಅಥವಾ ಹೆಚ್ಚಿದ್ದರೆ ಅಲ್ಲಿ ಎರಡು ಬೈಟ್‌ಗಳ ಒಂದು ಬಾವುಟ ಇರುತ್ತದೆ. ಪ್ರತಿ ಪಠ್ಯ ರೆಕಾರ್ಡಿನ ಕೊನೆಗೆ ಪಠ್ಯವಲ್ಲದ ಬಾಲ ಅಂಟಿಕೊಂಡಿದೆ ಅಂತ ಅದು ಹೇಳುತ್ತದೆ. ದೊಡ್ಡಪ್ಪನ ಫೈಲಿನಲ್ಲಿ ಅದರ ಬೆಲೆ 1.

ಬಾಲದ ಕತೆ

ಮೊಬಿ ಮಾಡಿದವರಿಗೆ ಗಡಿಯಲ್ಲಿ ಅಕ್ಷರ ಒಡೆಯುತ್ತದೆ ಅಂತ ಗೊತ್ತಿತ್ತು. ಅದಕ್ಕೆ ಅವರು ಮಾಡಿದ ಉಪಾಯ ಇದು. ರೆಕಾರ್ಡ್‌ನ ಕೊನೆಗೆ ಅಕ್ಷರ ಅರ್ಧ ಉಳಿದರೆ, ಅದನ್ನು ಪೂರ್ತಿ ಮಾಡಲು ಬೇಕಾದ ಬೈಟ್‌ಗಳನ್ನು ಬಾಲದಲ್ಲಿ ಇಟ್ಟರು. ಎಷ್ಟು ಬೈಟ್ ಅನ್ನುವ ಎಣಿಕೆಯನ್ನು ಕಟ್ಟಕಡೆಯ ಒಂದು ಬೈಟಿನಲ್ಲಿ ಬರೆದರು. ಬಾಲವನ್ನು ಒತ್ತುವುದಿಲ್ಲ, ಹಾಗೇ ಇರುತ್ತದೆ. ಅದೇ ಬೈಟ್‌ಗಳು ಮುಂದಿನ ರೆಕಾರ್ಡಿನ ಶುರುವಿನಲ್ಲಿ ಮತ್ತೆ ಬರುತ್ತವೆ. ಒಂದೇ ತುಂಡು ಓದುವ ಯಂತ್ರಕ್ಕೆ ಬಾಲ ಬೇಕು. ನಮ್ಮಂತೆ ಇಡೀ ಪುಸ್ತಕ ಬಿಚ್ಚುವವರಿಗೆ ಬೇಡ, ಕತ್ತರಿಸಬೇಕು.

ನಾನು ಕತ್ತರಿಸಿರಲಿಲ್ಲ. ಆಗ ಏನಾಯಿತು ಅಂತ ಸಕಲೇಶಪುರದ ಮೇಲೇ ನೋಡೋಣ.

'ಸ' ಮುಗಿಯಿತು. 'ಕ'ದ ಮೊದಲ ಬೈಟ್ 224, ಅದೇ 4096ನೆಯದು. ರೆಕಾರ್ಡ್ ಮುಗಿಯಿತು. ಬಾಲದಲ್ಲಿ 178, 149, ಆಮೇಲೆ ಎಣಿಕೆ 2. ನನ್ನ ಬಿಚ್ಚುವ ಕೋಡ್‌ಗೆ ಇದು ಬಾಲ ಅಂತ ಗೊತ್ತಿಲ್ಲ. ಪಾಮ್‌ಡಾಕ್ ಭಾಷೆಯಲ್ಲಿ 128ರಿಂದ 191ರವರೆಗಿನ ಬೈಟ್ ಬಂದರೆ ಅದು ಅಕ್ಷರ ಅಲ್ಲ, ಅಪ್ಪಣೆ: 'ಇಷ್ಟು ಹಿಂದೆ ಹೋಗಿ, ಇಷ್ಟು ಬೈಟ್ ನಕಲು ಮಾಡು'. ಎರಡು ಬೈಟ್ ಸೇರಿ ಒಂದು ಅಪ್ಪಣೆ. 178ನ್ನು 256ರಿಂದ ಗುಣಿಸಿ 149 ಕೂಡಿದರೆ 45717. ಮೇಲಿನ ಗುರುತಿನ 32768 ಕಳೆದರೆ 12949. ಎಂಟರಿಂದ ಭಾಗಿಸಿದರೆ 1618, ಉಳಿದದ್ದು 5. ಆ 5ಕ್ಕೆ 3 ಸೇರಿಸಿದರೆ 8. ಅರ್ಥ: 1618 ಬೈಟ್ ಹಿಂದೆ ಹೋಗು, 8 ಬೈಟ್ ತಾ.

ಕೋಡ್ ಹೇಳಿದ ಹಾಗೆ ಹೋಯಿತು. ಹಿಂದಿನ ಪ್ಯಾರಾದಲ್ಲಿ ದೊಡ್ಡಪ್ಪ ಹೇಮಾವತಿ ನೀರಿನ ಬಗ್ಗೆ ಬರೆದಿದ್ದರು. ಸರಿಯಾಗಿ 'ನೀರು' ಪದದ ಮೇಲೆ ಕೈ ಬಿತ್ತು. ಎಂಟು ಬೈಟ್ ಅಂದರೆ ನ, ಈತ್ವ, ಮತ್ತು 'ರ'ದ ಮೂರರಲ್ಲಿ ಎರಡೇ ಬೈಟ್: 224, 178. ಅದರ ಹಿಂದೆಯೇ ಮುಂದಿನ ರೆಕಾರ್ಡ್ ಬಂತು. ಅದರ ಮೊದಲ ಬೈಟ್‌ಗಳು ಮತ್ತೆ 178, 149. ಈಗ ಪಕ್ಕಪಕ್ಕ ಏನಿದೆ? 224, 178, 178. ಅದು 'ಲ'! ದೊಡ್ಡಪ್ಪನೂ ಬರೆದಿಲ್ಲ, ನಾನೂ ಬರೆದಿಲ್ಲ. ಅರ್ಧ 'ರ'ಕ್ಕೆ ಅರ್ಧ 'ಕ' ಸೇರಿ ಹೊಸದೊಂದು 'ಲ' ಹುಟ್ಟಿತು. ಮಿಕ್ಕ ಒಂಟಿ 149 ಪ್ರಶ್ನೆ ಚಿಹ್ನೆಯಾಯಿತು. ಕಟ್ಟಕಡೆಯ 2 ಕೂಡ ಒಂದು ಅಪ್ಪಣೆಯೇ, 'ಮುಂದಿನ ಎರಡು ಬೈಟ್ ಹಾಗೇ ಇಡು' ಅಂತ. ಮುಂದೆ ಏನೂ ಇಲ್ಲದ್ದರಿಂದ ಸುಮ್ನೆ ಕಳೆದುಹೋಯಿತು.

ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ಮುಗಿಸಿದಾಗ ರಾತ್ರಿ ಒಂದು ಗಂಟೆ. ಹೊರಗೆ ಮಳೆ. ಎಬ್ಬಿಸಿ ಹೇಳೋಣ ಅಂದ್ರೆ ಮನೆಯಲ್ಲಿ ಯಾರಿಗೂ ಇದು ಬೇಕಾಗಿರಲಿಲ್ಲ.

ಇಂಗ್ಲಿಷಿನಲ್ಲಿ ಯಾಕೆ ಕಾಣಲಿಲ್ಲ?

ಅಲ್ಲೂ ಬಾಲ ಇತ್ತು. ಅಕ್ಷರ ಒಡೆಯದಿದ್ದಾಗ ಬಾಲ ಅಂದರೆ ಸೊನ್ನೆ ಅನ್ನೋ ಒಂದೇ ಬೈಟ್. ಅದು ಪಠ್ಯದಲ್ಲಿ ಸೇರಿಕೊಂಡರೂ ಕಣ್ಣಿಗೆ ಕಾಣುವುದಿಲ್ಲ. ಆದರೆ ಇಪಬ್ ಒಳಗಿರುವುದು ಎಕ್ಸ್‌ಎಂಎಲ್, ಅದರಲ್ಲಿ ಸೊನ್ನೆ ಬೈಟ್‌ಗೆ ಜಾಗ ಇಲ್ಲ. ಮೊದಲ ಇಂಗ್ಲಿಷ್ ಪುಸ್ತಕದಲ್ಲೇ ಒಂದು ರೀಡರ್ ಆ್ಯಪ್ ತಕರಾರು ತೆಗೆದಿತ್ತು. ನಾನು ಏನು ಮಾಡಿದ್ದೆ ಗೊತ್ತಾ? ಸೊನ್ನೆ ಯಾಕೆ ಬರುತ್ತಿದೆ ಅಂತ ಕೇಳದೆ, ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಗುಡಿಸಿ ಹಾಕುವ ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದೆ. ರೋಗದ ಮೊದಲ ಲಕ್ಷಣವನ್ನು ನಾನೇ ಮುಚ್ಚಿಟ್ಟಿದ್ದೆ.

ಇಂಗ್ಲಿಷ್ ಪುಸ್ತಕದಲ್ಲೂ ಬಾಗಿದ ಉದ್ಧರಣ ಚಿಹ್ನೆಗೆ ಮೂರು ಬೈಟ್. ಅದು ಗಡಿಯ ಮೇಲೇ ಬಿದ್ದರೆ ಅಲ್ಲೂ ಇದೇ ಗತಿ. ಅಪರೂಪ ಅಷ್ಟೇ.

ರಿಪೇರಿ, ಮತ್ತು ಅರ್ಧ ರಿಪೇರಿ

ಬಿಚ್ಚುವ ಮೊದಲು ಪ್ರತಿ ಪಠ್ಯ ರೆಕಾರ್ಡಿನ ಕೊನೆಯ ಬೈಟ್ ನೋಡಿ. ಅದರ ಕೆಳಗಿನ ಎರಡು ಬಿಟ್‌ಗಳೇ ಎಣಿಕೆ. ಎಣಿಕೆಗೆ ಒಂದು ಸೇರಿಸಿ, ಅಷ್ಟು ಬೈಟ್ ಹಿಂದಿನಿಂದ ಕತ್ತರಿಸಿ. ಸೊನ್ನೆ ಇದ್ದರೂ ಆ ಒಂದು ಎಣಿಕೆ ಬೈಟ್ ಹೋಗಬೇಕು. ಬಾವುಟದ ಬೆಲೆ 3 ಇರುವ ಫೈಲುಗಳೂ ಸಿಗುತ್ತವೆ. ಅವುಗಳಲ್ಲಿ ಎರಡು ಬಾಲ. ಹಿಂದಿನಿಂದ ಶುರು ಮಾಡಿ ಮೊದಲು ಇನ್ನೊಂದು ಬಾಲ ತೆಗೆದು, ಅಕ್ಷರದ ಬಾಲವನ್ನು ಕೊನೆಗೆ ತೆಗೆಯಬೇಕು. ಉಲ್ಟಾ ಮಾಡಿದರೆ ಪಠ್ಯಕ್ಕೇ ಕತ್ತರಿ.

ಬಾಲ ಕತ್ತರಿಸಿ ಓಡಿಸಿದೆ. ಬಂದದ್ದು:

ಸ���ಲೇಶಪುರ

ನೀರು ಇಳಿದಿತ್ತು, 'ಕ' ಮಾತ್ರ ಬಂದಿರಲಿಲ್ಲ. ಕಾರಣ ಸಣ್ಣದು. ಬಾಲ ಕತ್ತರಿಸಲು ಕೋಡ್ ತಿದ್ದುವಾಗ, ಒಂದೊಂದು ರೆಕಾರ್ಡನ್ನೂ ಬಿಚ್ಚಿದ ಕೂಡಲೇ ಅಲ್ಲೇ ಅಕ್ಷರ ಮಾಡುವ ಹಾಗೆ ಬದಲಿಸಿಬಿಟ್ಟಿದ್ದೆ. 224 ಒಂದು ಕಡೆ ಒಂಟಿ, 178 ಮತ್ತು 149 ಇನ್ನೊಂದು ಕಡೆ ಅನಾಥ. ಮೂರಕ್ಕೂ ಒಂದೊಂದು ಪ್ರಶ್ನೆ ಚಿಹ್ನೆ. ಎಲ್ಲ ರೆಕಾರ್ಡ್‌ಗಳನ್ನೂ ಬೈಟ್‌ಗಳಾಗಿಯೇ ಜೋಡಿಸಿಕೊಂಡು, ಕೊನೆಗೆ ಒಂದೇ ಸಲ ಅಕ್ಷರ ಮಾಡಿದೆ. ಸಕಲೇಶಪುರ ಬಂತು.

ಹಾಗಾಗಿ ನಿಮ್ಮ ಪರದೆ ನೋಡಿಯೇ ರೋಗ ಹೇಳಬಹುದು. ಪ್ರಶ್ನೆ ಚಿಹ್ನೆಗಳ ಜೊತೆ ಹಿಂದಿನ ಪುಟದ ಚೂರುಗಳಿದ್ದರೆ ಬಾಲ ಕತ್ತರಿಸಿಲ್ಲ. ಚೂರುಗಳಿಲ್ಲದೆ ಎರಡೋ ಮೂರೋ ಪ್ರಶ್ನೆ ಚಿಹ್ನೆ ಮಾತ್ರ ಸಾಲಾಗಿದ್ದರೆ ಬಾಲ ಹೋಗಿದೆ, ಜೋಡಣೆ ತಪ್ಪಿದೆ.

ಪರಿವಿಡಿ ಜಾರುವುದು

ಇದೇ ರೋಗದ ಇನ್ನೊಂದು ಮುಖ. ಮೊಬಿಯಲ್ಲಿ ಪರಿವಿಡಿಯ ಕೊಂಡಿಗಳು ಬೈಟ್ ಲೆಕ್ಕದಲ್ಲಿರುತ್ತವೆ: 'ಪಠ್ಯದ ಶುರುವಿನಿಂದ ಇಷ್ಟನೇ ಬೈಟಿಗೆ ಹೋಗು' ಅಂತ ಹತ್ತು ಅಂಕಿ. ಪ್ರತಿ ಗಡಿಯಲ್ಲೂ ನಾಲ್ಕೆಂಟು ಕಸದ ಬೈಟ್ ಸೇರಿದರೆ ಮೊದಲ ಅಧ್ಯಾಯ ಹೆಚ್ಚೂ ಕಡಿಮೆ ಸರಿ, ಹತ್ತನೆಯದು ಕೆಲವು ಸಾಲು ಆಚೀಚೆ, ಕೊನೆಯದು ಅರ್ಧ ಪುಟ ಆಚೀಚೆ. ಹೋಗ್ತಾ ಹೋಗ್ತಾ ಜಾಸ್ತಿಯಾಗುವ ತಪ್ಪು ಕಂಡರೆ ಬಾಲವನ್ನು ಅನುಮಾನಿಸಿ. ಎಲ್ಲ ಕೊಂಡಿಗಳೂ ಎಲ್ಲೋ ದೂರ ಹೋಗಿ ಬೀಳುತ್ತಿದ್ದರೆ ಬೈಟ್ ಬದಲು ಅಕ್ಷರ ಎಣಿಸುತ್ತಿದ್ದೀರಿ. ಕನ್ನಡದಲ್ಲಿ ಎರಡಕ್ಕೂ ಮೂರು ಪಟ್ಟಿನ ಹತ್ತಿರ ವ್ಯತ್ಯಾಸ. ಕೊಂಡಿ ನೆಡುವ ಕೆಲಸವನ್ನು ಅಕ್ಷರ ಮಾಡುವ ಮೊದಲೇ, ಬೈಟ್‌ಗಳ ಮೇಲೇ ಮುಗಿಸಿ.

ಗುಡಿಸುವ ಸಾಲಿನ ಇನ್ನೊಂದು ಅವಾಂತರ

ದೊಡ್ಡಪ್ಪನ ಎರಡನೇ ದೂರು: "ಹೆಡ್‌ಮಾಸ್ತರ್ ಅಂತ ಬಿಡಿಸಿ ಬರೆದಿದ್ದೆ, ಎಲ್ಲ ಕಡೆ ಹೆಡ್ಮಾಸ್ತರ್ ಆಗಿದೆಯಲ್ಲೋ." ಮೇಷ್ಟ್ರ ಕಣ್ಣಿಗೆ ಇದು ತಪ್ಪದೆ ಬೀಳುತ್ತದೆ. 'ಡ್' ಮತ್ತು 'ಮಾ' ಅಂಟಿಕೊಳ್ಳದ ಹಾಗೆ ನಡುವೆ ಒಂದು ಕಾಣದ ಚಿಹ್ನೆ ಇರುತ್ತದೆ. ಅಗಲವಿಲ್ಲದ, ಜೋಡಣೆ ತಡೆಯುವ ಚಿಹ್ನೆ. ಸಾಫ್ಟ್‌ವೇರ್, ಫೇಸ್‌ಬುಕ್ ಎಲ್ಲದರಲ್ಲೂ ಅದೇ. ನನ್ನ ಗುಡಿಸುವ ಸಾಲು ಸೊನ್ನೆಗಳ ಜೊತೆ ಇದನ್ನೂ ಗುಡಿಸಿತ್ತು. ಬಾಲ ಕತ್ತರಿಸಿದ ಮೇಲೆ ಸೊನ್ನೆ ಬರುವುದೇ ನಿಂತಿತು, ಸಾಲನ್ನೇ ಅಳಿಸಿದೆ.

ಇಪಬ್ ಕಟ್ಟುವಾಗಿನ ತಪ್ಪುಗಳು ಬೇಗ ಗೊತ್ತಾಗುತ್ತವೆ. ಇಪಬ್ ಅಂದರೆ ಜಿಪ್ ಫೈಲ್. ಮೈಮ್‌ಟೈಪ್ ಅನ್ನೋ ಪುಟ್ಟ ಫೈಲ್ ಎಲ್ಲಕ್ಕಿಂತ ಮೊದಲು ಇರಬೇಕು, ಅದನ್ನು ಒತ್ತಬಾರದು. ಅಷ್ಟು ನೋಡಿಕೊಳ್ಳಿ.

ಸರಿಯಾಯಿತು ಅಂತ ಹೇಗೆ ನಂಬುವುದು? ನಾನು ಎರಡು ಪರೀಕ್ಷೆ ಇಟ್ಟುಕೊಂಡೆ. ಪ್ರತಿ ರೆಕಾರ್ಡ್ ಬಿಚ್ಚಿದ ಮೇಲೆ ಸರಿಯಾಗಿ 4096 ಬೈಟ್ ಇರಬೇಕು, ಕೊನೆಯದನ್ನು ಬಿಟ್ಟು. ಒಟ್ಟು ಮೊತ್ತ ಸೊನ್ನೆಯ ರೆಕಾರ್ಡ್‌ನ 4ನೇ ಬೈಟಿನಲ್ಲಿ ಬರೆದಿರುವ ಪಠ್ಯದ ಉದ್ದಕ್ಕೆ ತಾಳೆಯಾಗಬೇಕು. ಈ ಎರಡು ಸಾಲು ಮೊದಲೇ ಬರೆದಿದ್ದರೆ ಆ ಜಂಬದ ದಿನವೇ, ಇಂಗ್ಲಿಷ್ ಪುಸ್ತಕದಲ್ಲೇ ಸಿಕ್ಕಿಬೀಳುತ್ತಿದ್ದೆ. 4096ರ ಬದಲು 4097 ಬರುತ್ತಿತ್ತು.

ಹೊಸ ಇಪಬ್ ಕಳಿಸಿದೆ. ಮರುದಿನ ಮತ್ತೆ ಫೋನ್. "ಅಕ್ಷರ ಎಲ್ಲ ಸರಿಯಾಗಿದೆ ಕಣೋ. ಆದ್ರೆ ನಮ್ಮ ಹೆಡ್‌ಮಾಸ್ತರ್ ಫೋಟೋ ಜಾಗದಲ್ಲಿ ನಮ್ಮ ಎತ್ತಿನ ಫೋಟೋ ಬಂದಿದೆ." ಮೊಬಿಯಲ್ಲಿ ಚಿತ್ರಗಳ ಎಣಿಕೆ ಒಂದರಿಂದ ಶುರು, ನಾನು ಸೊನ್ನೆಯಿಂದ ಎಣಿಸಿದ್ದೆ. ಪ್ರತಿ ಫೋಟೋ ಒಂದೊಂದು ಜಾಗ ಹಿಂದಕ್ಕೆ ಬಂದಿತ್ತು. ಒಂದು ಕಳೆದ ಮೇಲೆ ಹೆಡ್‌ಮಾಸ್ತರೂ ಎತ್ತೂ ತಮ್ಮ ತಮ್ಮ ಜಾಗಕ್ಕೆ ಹೋದರು.